650 ಸಿಸಿ ಗಾಡಿ, 60 ಸಾವಿರ ರೂಪಾಯಿ, ಸೇಡಂ ರಸ್ತೆ: ಮೊದಲು ಏನು ಬದಲಿಸಲಿ?

ಪ್ರಶ್ನೆ: ಸರ್, ನಾನು ಕಲಬುರಗಿಯವನು, ವಯಸ್ಸು 29. ಸೇಡಂ ಹತ್ತಿರ ಸಿಮೆಂಟ್ ಕಾರ್ಖಾನೆಯಲ್ಲಿ ಕೆಲಸ, ದಿನಾ ಗಾಡಿ ಮೇಲೆ ಹೋಗಿ ಬರುತ್ತೇನೆ. ಮೊದಲು 150 ಸಿಸಿ ಗಾಡಿ ಇತ್ತು. ನಾಲ್ಕು ತಿಂಗಳ ಹಿಂದೆ ಸೆಕೆಂಡ್ ಹ್ಯಾಂಡ್ ರಾಯಲ್ ಎನ್‌ಫೀಲ್ಡ್ ಇಂಟರ್‌ಸೆಪ್ಟರ್ 650 ತಗೊಂಡೆ. 2021ರ ಮಾಡೆಲ್, ಸ್ಪೋಕ್ ಗಾಲಿಯದ್ದು. ಈಗ 60 ಸಾವಿರ ಕೂಡಿಟ್ಟಿದ್ದೇನೆ. ಸೌಂಡ್ ಬರುವ ಸೈಲೆನ್ಸರ್, ಓಪನ್ ಏರ್ ಫಿಲ್ಟರ್, ತಗ್ಗಿನ ಹ್ಯಾಂಡಲ್, ಹಿಂದಿನ ಮಡ್‌ಗಾರ್ಡ್ ಕತ್ತರಿಸಿ ಸಿಂಗಲ್ ಸೀಟು, ಹೀಗೆ ಕೆಫೆ ರೇಸರ್ ಥರ ಮಾಡಿಸುವ ಆಸೆ. ಗೆಳೆಯರು ಮಾಡಿಸು ಅಂತಾರೆ, ಹೆಂಡತಿ ಬೇಡ ಅಂತಾಳೆ. ಪೊಲೀಸರು ಹಿಡಿಯುತ್ತಾರಾ? ಬೇಸಿಗೆಯಲ್ಲಿ ತೊಡೆಗೆ ಬಿಸಿ ಬಡಿಯುತ್ತೆ, ಇಂಜಿನ್‌ಗೆ ಏನಾದರೂ ಆಗುತ್ತಾ? ಎಲ್ಲಿಂದ ಶುರು ಮಾಡಲಿ?

ಉತ್ತರ: ನಿಮ್ಮ ಆಸೆ ತಪ್ಪಲ್ಲ, ಅದನ್ನು ಮೊದಲೇ ಹೇಳಿಬಿಡುತ್ತೇನೆ. ನಾನು ಪಾನಾ ಹಿಡಿದದ್ದು ಯೆಜ್ಡಿ ಗಾಡಿಗಳ ಮೇಲೆ. ಮೈಸೂರಿನ ಕಾರ್ಖಾನೆ 1996ರಲ್ಲಿ ಮುಚ್ಚಿದ ಮೇಲೂ ಎಷ್ಟೋ ವರ್ಷ ಅವು ನಮ್ಮ ಗ್ಯಾರೇಜಿಗೆ ಬರುತ್ತಿದ್ದವು. ಆಗಲೂ ಹುಡುಗರು ಬಂದು ಹ್ಯಾಂಡಲ್ ಬದಲಿಸಿ, ಸೀಟು ಕಡಿಮೆ ಮಾಡಿ ಅಂತ ಕೇಳುತ್ತಿದ್ದರು. ಗುಂಡು ಹೆಡ್‌ಲೈಟ್, ಹನಿಯ ಆಕಾರದ ಟ್ಯಾಂಕು, ಬಯಲಿಗೆ ಕಾಣುವ ಇಂಜಿನ್. ಇಂಥ ಗಾಡಿ ಕಂಡರೆ ಕೈ ಸುಮ್ನೆ ಇರುವುದಿಲ್ಲ.

ಆದರೆ ನಿಮ್ಮ ಪಟ್ಟಿಯನ್ನು ಇನ್ನೊಮ್ಮೆ ಓದಿ ನೋಡಿ. ಅದರಲ್ಲಿ ಇರುವುದೆಲ್ಲ ಕಣ್ಣಿಗೆ, ಕಿವಿಗೆ. ಗಾಡಿ ನಿಲ್ಲುವುದಕ್ಕೆ, ರಸ್ತೆ ಹಿಡಿಯುವುದಕ್ಕೆ ಒಂದೂ ಇಲ್ಲ. ನಿಮ್ಮ ಹಳೆ 150 ಸಿಸಿ ಗಾಡಿಯ ಶಕ್ತಿ ಹದಿನಾಲ್ಕು ಹದಿನೈದು ಕುದುರೆ. ಇದರದ್ದು 47. ಟ್ಯಾಂಕ್ ತುಂಬಿದರೆ ತೂಕ 210 ಕೆಜಿ ದಾಟುತ್ತದೆ. ಗಂಟೆಗೆ 100ರಲ್ಲಿ ಹೋಗುವಾಗ ಒಂದು ಸೆಕೆಂಡಿಗೆ ಸುಮಾರು 28 ಮೀಟರ್ ಮುಂದೆ ಹೋಗಿರುತ್ತೀರಿ. ಎಮ್ಮೆ ಅಡ್ಡ ಬಂತು ಅಂತ ಕಣ್ಣಿಗೆ ಬಿದ್ದು, ಬೆರಳು ಬ್ರೇಕ್ ಮುಟ್ಟುವಷ್ಟರಲ್ಲೇ ಅಷ್ಟು ದೂರ ಹೋಯಿತು. ಆಮೇಲೆ ಬ್ರೇಕ್ ಹಿಡಿದರೂ, 60ರಲ್ಲಿ ನಿಲ್ಲುವುದಕ್ಕೆ ಬೇಕಾದದ್ದಕ್ಕಿಂತ ಮೂರು ಪಟ್ಟಿನ ಹತ್ತಿರ ಜಾಗ ಬೇಕು. ಸೇಡಂ ರಸ್ತೆಯಲ್ಲಿ ಸಿಮೆಂಟ್ ಲಾರಿಗಳೂ, ಹಿಂದೆ ಲೈಟಿಲ್ಲದ ಟ್ರ್ಯಾಕ್ಟರ್‌ಗಳೂ ಎಷ್ಟಿರುತ್ತವೆ ಅಂತ ನಿಮಗೆ ನಾನು ಹೇಳಬೇಕಾಗಿಲ್ಲ. ಅದಕ್ಕೇ ನಿಮ್ಮ 60 ಸಾವಿರದಲ್ಲಿ ಅರ್ಧ ದುಡ್ಡು ಟೈರ್, ಬ್ರೇಕ್, ಶಾಕ್ ಅಬ್ಸರ್ಬರ್‌ಗೆ ಅಂತ ಎತ್ತಿಡಿ. ಉಳಿದ ಅರ್ಧದ ಮಾತು ಆಮೇಲೆ.

ಇವತ್ತು ಸಂಜೆ ಮನೆಗೆ ಹೋದ ಮೇಲೆ ಒಂದು ಕೆಲಸ ಮಾಡಿ. ಮೊಬೈಲ್ ಟಾರ್ಚ್ ಹಿಡಿದು ಟೈರಿನ ಬದಿ ನೋಡಿ. ಸಣ್ಣ ಚೌಕಟ್ಟಿನಲ್ಲಿ ನಾಲ್ಕು ಅಂಕಿ ಇರುತ್ತವೆ. 2321 ಅಂತ ಇದ್ದರೆ ಅದು 2021ರ 23ನೇ ವಾರ ತಯಾರಾದ ಟೈರ್. ಗಾಡಿ ಜೊತೆ ಬಂದ ಟೈರೇ ಇನ್ನೂ ಇದ್ದರೆ ಟೈರಿನ ಮೇಲಿನ ಗುಂಡಿ ಎಷ್ಟು ಆಳ ಉಳಿದಿದೆ ಅನ್ನುವುದನ್ನಷ್ಟೇ ನೋಡಬೇಡಿ. ಉಗುರಿನಿಂದ ಒತ್ತಿ. ಹೊಸ ರಬ್ಬರ್ ಸ್ವಲ್ಪ ಒಳಗೆ ಹೋಗಿ ಮತ್ತೆ ಬರುತ್ತದೆ. ನಮ್ಮ ಬಿಸಿಲಲ್ಲಿ ವರ್ಷಗಟ್ಟಲೆ ನಿಂತ ರಬ್ಬರ್ ಕಲ್ಲಿನ ಹಾಗೆ ಇರುತ್ತದೆ, ಗುಂಡಿಗಳ ಬುಡದಲ್ಲಿ ಕೂದಲೆಳೆಯ ಬಿರುಕು ಕಾಣುತ್ತವೆ. ಅಂಥ ಟೈರ್ ಮೊದಲ ಮಳೆಗೆ ಕೈ ಕೊಡುತ್ತದೆ. ಮುಂದೆ 100/90-18, ಹಿಂದೆ 130/70-18. ಅದೇ ಅಳತೆ ಹಾಕಿಸಿ. ನೋಡೋಕೆ ಚೆನ್ನಾಗಿರುತ್ತೆ ಅಂತ ಹಿಂದೆ ದಪ್ಪ ಟೈರ್ ಹಾಕಿಸುವವರಿದ್ದಾರೆ. ತಿರುವಿನಲ್ಲಿ ಗಾಡಿ ವಾಲುವುದಕ್ಕೆ ಮೊಂಡಾಗುತ್ತದೆ, ಬೇರೆ ಲಾಭ ಏನೂ ಇಲ್ಲ.

ನಿಮ್ಮ ಗಾಲಿ ಸ್ಪೋಕಿನದು, ಅಂದರೆ ಒಳಗೆ ಟ್ಯೂಬ್ ಇದೆ. ಮೊಳೆ ಚುಚ್ಚಿದರೆ ಗಾಳಿ ಒಮ್ಮೆಲೇ ಇಳಿಯಬಹುದು, ಗಾಲಿ ಬಿಚ್ಚದೆ ಪಂಕ್ಚರ್ ಹಾಕುವುದು ಕಷ್ಟ. ಈ ಗಾಡಿಗೆ ಕಂಪನಿ ಅಲಾಯ್ ಗಾಲಿ, ಟ್ಯೂಬ್‌ಲೆಸ್ ಟೈರ್ ಕೊಡಲು ಶುರು ಮಾಡಿದ್ದು 2023ರಲ್ಲಿ. ಅದಕ್ಕೆ ಈಗ ದುಡ್ಡು ಸುರಿಯಬೇಡಿ. ಎರಡು ಹೊಸ ಟ್ಯೂಬ್, ಟೈರ್ ಲಿವರ್, ಒಂದು ಸಣ್ಣ ಪಂಪ್ ಜೊತೆಗಿರಲಿ. ತೂಕ ಕಡಿಮೆಯಾಗಲಿ ಅಂತ ಸೆಂಟರ್ ಸ್ಟ್ಯಾಂಡ್ ಬಿಚ್ಚಿಸಬೇಡಿ. ಮಳಖೇಡದ ಆಚೆ ಸಂಜೆ ಏಳಕ್ಕೆ ಹಿಂದಿನ ಗಾಲಿ ಬಿಚ್ಚಬೇಕಾದಾಗ ಅದರ ಬೆಲೆ ಗೊತ್ತಾಗುತ್ತದೆ.

ಬ್ರೇಕಿನಲ್ಲಿ ಹೆಚ್ಚು ಮಾಡುವುದು ಏನೂ ಇಲ್ಲ. ಮುಂದಿನ ಡಿಸ್ಕ್ 320 ಮಿ.ಮೀ., ಜೋರಾಗಿ ಬ್ರೇಕ್ ಹಿಡಿದಾಗ ಗಾಲಿ ಜಾಮ್ ಆಗದಂತೆ ತಡೆಯುವ ಎಬಿಎಸ್ ಇದೆ, ಈ ಗಾಡಿಗೆ ಸಾಕು. ಆದರೆ ಸೆಕೆಂಡ್ ಹ್ಯಾಂಡ್ ಗಾಡಿಗಳಲ್ಲಿ ಯಾರೂ ಮುಟ್ಟದ ವಸ್ತು ಅಂದರೆ ಬ್ರೇಕ್ ಆಯಿಲ್. ಅದು ಗಾಳಿಯಲ್ಲಿನ ತೇವ ಹೀರುತ್ತದೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ತೆಗೆದು ಹೊಸ ಡಾಟ್ 4 ಹಾಕಬೇಕು. ಮುಂದಿನ ಡಬ್ಬಿಯ ಸಣ್ಣ ಗಾಜಿನಲ್ಲಿ ಅದು ತಿಳಿ ಹಳದಿ ಬದಲು ಚಹಾ ಬಣ್ಣಕ್ಕೆ ಬಂದಿದ್ದರೆ ನಾಳೆಯೇ ಬದಲಿಸಿ. ಬ್ರೇಕ್ ಪ್ಯಾಡ್ ಕೂಡ ಆಗಲೇ ನೋಡಿಸಿ. ಇಷ್ಟಾದ ಮೇಲೆ ಭಾನುವಾರ ಬೆಳಗ್ಗೆ ಖಾಲಿ ರಸ್ತೆಯಲ್ಲಿ 40ರಿಂದ, ಆಮೇಲೆ 60ರಿಂದ ಜೋರಾಗಿ ಬ್ರೇಕ್ ಹಿಡಿದು ಅಭ್ಯಾಸ ಮಾಡಿ. ಎಬಿಎಸ್ ಬೆರಳಿಗೆ ಹೇಗೆ ಬಡಿಯುತ್ತದೆ ಅಂತ ಗೊತ್ತಿಲ್ಲದವರು ಗಾಬರಿಯಾಗಿ ಬ್ರೇಕ್ ಬಿಟ್ಟುಬಿಡುತ್ತಾರೆ. ನಾನು ಕಣ್ಣಾರೆ ನೋಡಿದ್ದೇನೆ.

ಶಾಕ್ ಅಬ್ಸರ್ಬರ್ ಬದಲಿಸುವ ಮುಂಚೆ ಇರುವುದನ್ನು ಸರಿ ಮಾಡಿ ನೋಡಿ, ಇದಕ್ಕೆ ಒಂದು ರೂಪಾಯಿಯೂ ಬೇಡ. ಮುಂದಿನ ಫೋರ್ಕಿನ ಹೊಳೆಯುವ ಪೈಪಿಗೆ ಒಂದು ಪ್ಲಾಸ್ಟಿಕ್ ಟೈ ಬಿಗಿಯಿರಿ. ತೀರಾ ಬಿಗಿ ಬೇಡ, ಬೆರಳಿಂದ ತಳ್ಳಿದರೆ ಜಾರಬೇಕು. ಅದನ್ನು ಕೆಳಗಿನ ಸೀಲಿನವರೆಗೆ ತಳ್ಳಿ. ಹೆಲ್ಮೆಟ್, ಬ್ಯಾಗ್ ಸಮೇತ ಮೆಲ್ಲಗೆ ಗಾಡಿ ಮೇಲೆ ಕೂತು, ಮೆಲ್ಲಗೆ ಇಳಿಯಿರಿ. ಟೈ ಎಷ್ಟು ಮೇಲಕ್ಕೆ ಹೋಗಿದೆ ಅಂತ ಅಳೆಯಿರಿ. ಮುಂದಿನ ಫೋರ್ಕ್ ಒಟ್ಟು 110 ಮಿ.ಮೀ. ಆಡುತ್ತದೆ. ನೀವು ಕೂತಾಗ ಅದರಲ್ಲಿ ಕಾಲು ಭಾಗದಿಂದ ಮೂರನೇ ಒಂದು ಭಾಗದ ಒಳಗೆ ಕುಸಿದರೆ ಸರಿ. ಹಿಂದಿನದರಲ್ಲಿ ಮೆಟ್ಟಿಲಿನ ಹಾಗೆ ಇರುವ ಬಳೆ ತಿರುಗಿಸಿ ಸ್ಪ್ರಿಂಗ್ ಬಿಗಿ ಮಾಡಬಹುದು. ಹೆಂಡತಿ ಹಿಂದೆ ಕೂರುವ ದಿನ ಎರಡು ಮೆಟ್ಟಿಲು ಏರಿಸಿ. ಎರಡೂ ಕಡೆ ಒಂದೇ ಸಮ ಇರಬೇಕು, ಇದು ಮರೆಯಬೇಡಿ. ಇಷ್ಟು ಮಾಡಿ ಒಂದು ತಿಂಗಳು ಓಡಿಸಿದ ಮೇಲೂ ಸೊಂಟಕ್ಕೆ ಪೆಟ್ಟು ಬಡಿಯುತ್ತಿದ್ದರೆ ಆಗ ಹಿಂದಿನ ಜೋಡಿ ಬದಲಿಸಿ. ನಿಮ್ಮ ತೂಕ ಕೇಳಿ ಸ್ಪ್ರಿಂಗ್ ಕೊಡುವವರ ಹತ್ತಿರವೇ ತಗೊಳ್ಳಿ. ತೂಕ ಕೇಳದೆ ಮಾರುವವರ ಹತ್ತಿರ ಬೇಡ.

ಈಗ ಏರ್ ಫಿಲ್ಟರ್. ನಿಮ್ಮ ಇಡೀ ಪಟ್ಟಿಯಲ್ಲಿ ನನಗೆ ಭಯ ಹುಟ್ಟಿಸಿದ್ದು ಇದೊಂದೇ.

ನೀವು ದಿನಾ ಹೋಗುವ ದಾರಿ ಎಂಥದ್ದು? ಸುಣ್ಣಕಲ್ಲು ಪುಡಿ ಮಾಡುವ ಸಿಮೆಂಟ್ ಕಾರ್ಖಾನೆಗಳು, ಫರಸಿ ಕಲ್ಲಿನ ಗಣಿಗಳು, ಖಡಿ ಲಾರಿಗಳು, ಎರಡೂ ಬದಿ ಕಪ್ಪು ಮಣ್ಣಿನ ಎರಿ ಹೊಲ. ಒಂದು ಲಾರಿ ಹಿಂದೆ ಐದು ನಿಮಿಷ ಹೋದರೆ ಮೀಸೆ ಬೆಳ್ಳಗಾಗುತ್ತದೆ. ಆ ಧೂಳಿನಲ್ಲಿ ಮರಳಿನ ಕಣಗಳೂ ಇರುತ್ತವೆ, ಅವು ಗಾಜು ಗೀರುವಷ್ಟು ಗಟ್ಟಿ. ಕಂಪನಿಯವರು ಕೊಟ್ಟ ಮುಚ್ಚಿದ ಡಬ್ಬಿ, ಮಡಿಕೆ ಕಾಗದದ ಫಿಲ್ಟರ್ ಇರುವುದೇ ಅದನ್ನು ತಡೆಯಲು. ಬಯಲಿಗೆ ಹಾಕುವ ಕೋನ್ ಫಿಲ್ಟರ್ ರೇಸ್ ಟ್ರ್ಯಾಕಿಗೆ ಸರಿ. ಅಲ್ಲಿ ಧೂಳು ಕಡಿಮೆ, ಇಂಜಿನ್ ಬೇಗ ಬೇಗ ಬಿಚ್ಚಿ ನೋಡುತ್ತಾರೆ.

ಕೆಲವು ವರ್ಷದ ಹಿಂದೆ ಶಹಾಬಾದ್ ಕಡೆಯಿಂದ ಒಬ್ಬ ಹುಡುಗ ಗಾಡಿ ತಂದ. ಯಾರದೋ ಮಾತು ಕೇಳಿ ಓಪನ್ ಫಿಲ್ಟರ್ ಹಾಕಿಸಿದ್ದ. ಹೊಗೆ ಬರುತ್ತಿದೆ, ಆಯಿಲ್ ಕಡಿಮೆಯಾಗುತ್ತಿದೆ ಅಂದ. ಫಿಲ್ಟರ್ ತೆಗೆದು ಅದರ ಹಿಂದಿನ ರಬ್ಬರ್ ಪೈಪಿನ ಒಳಗೆ ಬೆರಳು ಆಡಿಸಿದೆ. ಬೆರಳ ತುದಿಗೆ ವಿಭೂತಿ ಹಚ್ಚಿದ ಹಾಗೆ ಬೂದು ಬಣ್ಣ ಬಂತು. ಫಿಲ್ಟರ್ ದಾಟಿ ಬಂದ ಧೂಳು ಅದು. ಅದು ಸಿಲಿಂಡರಿನೊಳಗೆ ಆಯಿಲ್ ಜೊತೆ ಸೇರಿದರೆ ವಾಲ್ವ್ ಉಜ್ಜುವ ಪೇಸ್ಟ್ ಆಗುತ್ತದೆ. ಬೋರ್ ಬಿಚ್ಚಿದಾಗ ಸಿಲಿಂಡರಿನ ಒಳಗೋಡೆಯಲ್ಲಿ ಮೇಲಿಂದ ಕೆಳಗೆ ಗೆರೆಗಳು. ಉಗುರು ಅಡ್ಡ ಎಳೆದರೆ ಟಿಕ್ ಟಿಕ್ ಅಂತ ತಡೆಯುತ್ತಿತ್ತು. ಆ ಹುಡುಗನ ಮುಖ ನನಗೆ ಇನ್ನೂ ನೆನಪಿದೆ. ಅವನು ಗಾಡಿಯನ್ನು ಅಷ್ಟು ಪ್ರೀತಿಯಿಂದ ಒರೆಸಿ ಇಟ್ಟಿದ್ದ.

ಆದ್ದರಿಂದ ಓಪನ್ ಫಿಲ್ಟರ್ ಬೇಡವೇ ಬೇಡ. ಕಂಪನಿಯ ಕಾಗದದ ಫಿಲ್ಟರನ್ನೇ, ಪುಸ್ತಕದಲ್ಲಿ ಹೇಳಿದ್ದಕ್ಕಿಂತ ಅರ್ಧ ದೂರಕ್ಕೇ ಬದಲಿಸಿ. ಪ್ರೆಷರ್ ಗಾಳಿ ಹೊಡೆದು ಮತ್ತೆ ಅದನ್ನೇ ಹಾಕುವ ಅಭ್ಯಾಸ ನಮ್ಮ ಕಡೆ ಜಾಸ್ತಿ. ಜೋರು ಗಾಳಿಗೆ ಕಾಗದದಲ್ಲಿ ಕಣ್ಣಿಗೆ ಕಾಣದ ತೂತು ಬೀಳುತ್ತವೆ. ಹೊಸದೇ ಹಾಕಿ.

ಸೈಲೆನ್ಸರಿಗೆ ಬರೋಣ. ಈ ಇಂಜಿನ್ನಿನಲ್ಲಿ ಎರಡು ಪಿಸ್ಟನ್‌ಗಳ ನಡುವೆ ಕ್ರ್ಯಾಂಕ್ 270 ಡಿಗ್ರಿ ತಿರುಗಿಸಿ ಕೂರಿಸಿದ್ದಾರೆ. ಅದಕ್ಕೇ ಎರಡು ಬೆಂಕಿ ಸಮ ಅಂತರದಲ್ಲಿ ಬೀಳುವುದಿಲ್ಲ, ಒಂದು ಬೇಗ, ಇನ್ನೊಂದು ತಡ. ಆ ಓಲಾಡುವ ಗುಡುಗು ಬರುವುದು ಅಲ್ಲಿಂದಲೇ. ಹೆಲ್ಮೆಟ್ ಒಳಗೆ ನಿಮಗೆ ಅದು ಕಡಿಮೆ ಕೇಳಬಹುದು. ಒಮ್ಮೆ ಗೆಳೆಯನಿಗೆ ಗಾಡಿ ಕೊಟ್ಟು ರಸ್ತೆ ಬದಿ ನಿಂತು ಕೇಳಿ. ಕಂಪನಿ ಸೈಲೆನ್ಸರಿನಲ್ಲೇ ಎಷ್ಟು ಚೆಂದ ಕೇಳುತ್ತದೆ ಅಂತ ಗೊತ್ತಾಗುತ್ತದೆ.

ಬರೀ ಸೈಲೆನ್ಸರ್ ಬದಲಿಸಿದರೆ ಶಕ್ತಿ ಹೆಚ್ಚುವುದು ಒಂದೋ ಎರಡೋ ಕುದುರೆ, ಅದೂ ಇಂಜಿನ್ ಪೂರ್ತಿ ಎಳೆದಾಗ. ನಿಮ್ಮದು 2021ರದ್ದು, ಅಂದರೆ ಹೊಗೆ ನಿಯಮದ ಲೆಕ್ಕದಲ್ಲಿ ಬಿಎಸ್6. ಹೊಗೆ ಪೈಪಿನ ಸೆನ್ಸರ್ ನೋಡಿ ಕಂಪ್ಯೂಟರ್ ಪೆಟ್ರೋಲ್ ಅಳೆಯುತ್ತದೆ. ನಿಧಾನಕ್ಕೆ ಹೋಗುವಾಗ ಅದು ಹೊಂದಿಸಿಕೊಳ್ಳುತ್ತದೆ. ಪೂರ್ತಿ ಎಕ್ಸಲೇಟರ್ ಕೊಟ್ಟಾಗ ಮೊದಲೇ ಬರೆದಿಟ್ಟ ಲೆಕ್ಕದಲ್ಲೇ ಪೆಟ್ರೋಲ್ ಬಿಡುತ್ತದೆ. ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ ಆದರೆ ಬಿಸಿ ಏರುತ್ತದೆ. ಎಕ್ಸಲೇಟರ್ ಬಿಟ್ಟಾಗ ಪಟ್ ಪಟ್ ಅನ್ನುತ್ತದಲ್ಲ, ಅದನ್ನು ಹುಡುಗರು ಶಕ್ತಿ ಅಂದುಕೊಳ್ಳುತ್ತಾರೆ. ಉರಿಯದೆ ಬಂದ ಪೆಟ್ರೋಲ್ ಪೈಪಿನಲ್ಲಿ ಉರಿಯುವ ಸದ್ದು ಅದು. ಪೈಪಿನ ಜೋಡಣೆಯಲ್ಲಿ ಗಾಳಿ ಸೋರಿದರೂ ಹಾಗೇ ಆಗುತ್ತದೆ.

ಕಾನೂನು ಕೇಳಿದಿರಿ. ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಪ್ರಕಾರ, ಕಂಪನಿ ಮೊದಲು ಕೊಟ್ಟ ವಿವರಕ್ಕೂ ಆರ್‌ಸಿಯಲ್ಲಿರುವ ವಿವರಕ್ಕೂ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಹೇಳಿತು. ಅದೇ ವರ್ಷದ ತಿದ್ದುಪಡಿ ಆದ ಮೇಲೆ, ಒಪ್ಪಿಗೆ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ. ಶಬ್ದದ ಲೆಕ್ಕ ಬೇರೆ. 190ನೇ ಕಲಮಿನಲ್ಲಿ ಮೊದಲ ಸಲಕ್ಕೆ 10,000 ರೂಪಾಯಿವರೆಗೆ ದಂಡ ಅಥವಾ ಮೂರು ತಿಂಗಳವರೆಗೆ ಜೈಲು, ಅಥವಾ ಎರಡೂ, ಜೊತೆಗೆ ಮೂರು ತಿಂಗಳು ಲೈಸೆನ್ಸ್ ರದ್ದು. ಬಣ್ಣ ಬದಲಿಸಿದರೂ ಆರ್‌ಟಿಒದಲ್ಲಿ ಬರೆಸಬೇಕು. ಇನ್ಶೂರೆನ್ಸಿನವರಿಗೆ ತಿಳಿಸದೆ ಬದಲಾವಣೆ ಮಾಡಿದ್ದರೆ, ಅಪಘಾತವಾದಾಗ ಕ್ಲೇಮ್ ನಿಲ್ಲಿಸಲು ಅವರಿಗೆ ಕಾರಣ ಸಿಕ್ಕಂತೆ.

ದಂಡದ ಮಾತು ಬಿಡಿ. ನೀವು ದಿನಾ ಹೋಗುವ ಸೇಡಂ ರಸ್ತೆಯಲ್ಲೇ ಇಎಸ್‌ಐ ಆಸ್ಪತ್ರೆ ಇದೆ. ರಾತ್ರಿ ಪಾಳಿ ಮುಗಿಸಿ ನೀವು ಬರುವಾಗ ಅಲ್ಲಿ ಯಾರದೋ ತಾಯಿ ಆಗಷ್ಟೇ ನಿದ್ದೆ ಹೋಗಿರುತ್ತಾಳೆ. ನಾನು ಬಡಿಯುವ ಸೈಲೆನ್ಸರ್ ಹಾಕಿಕೊಡುವುದು ಬಿಟ್ಟು ಬಹಳ ವರ್ಷ ಆಯಿತು, ಗಿರಾಕಿ ಹೋದರೂ ಚಿಂತೆ ಇಲ್ಲ.

ಬಿಸಿಯ ವಿಷಯ. ಮೇ ತಿಂಗಳಲ್ಲಿ ನಮ್ಮಲ್ಲಿ 42, 43 ಡಿಗ್ರಿ ಮಾಮೂಲು. ಈ ಇಂಜಿನ್ ತಣ್ಣಗಾಗುವುದು ಗಾಳಿಯಿಂದ ಮತ್ತು ಆಯಿಲ್‌ನಿಂದ. ಕಲಬುರಗಿಯ ಸೂಪರ್ ಮಾರ್ಕೆಟ್ ಪೇಟೆಯ ಗದ್ದಲದಲ್ಲಿ ಮಧ್ಯಾಹ್ನ ಎರಡಕ್ಕೆ ನಿಂತರೆ ಗಾಳಿಯೂ ಬಿಸಿ, ಅದೂ ಓಡುತ್ತಿಲ್ಲ. ತೊಡೆಗೆ ಬಿಸಿ ಬಡಿಯಲೇಬೇಕು. ಅದು ಕೆಡುಕಿನ ಗುರುತಲ್ಲ. ಆದರೆ ಆಯಿಲ್ ಮೇಲೆ ಭಾರ ಬೀಳುತ್ತದೆ. 10ಡಬ್ಲ್ಯು-50 ದರ್ಜೆಯದ್ದೇ ಹಾಕಿ. ಪುಸ್ತಕದಲ್ಲಿ 10,000 ಕಿ.ಮೀ. ಅಂತ ಇದ್ದರೂ, ನಿಮ್ಮ ಧೂಳು, ನಿಮ್ಮ ಬಿಸಿಲಿಗೆ ನಾನು 5,000ಕ್ಕೇ ಬದಲಿಸುತ್ತೇನೆ. ಮುಂದೆ ಇರುವ ಸಣ್ಣ ಆಯಿಲ್ ಕೂಲರಿನ ಸಂದಿಗಳಲ್ಲಿ ಎರಿ ಮಣ್ಣು ಒಣಗಿ ಕೂತಿದೆಯಾ ನೋಡಿ. ಕೂತಿದ್ದರೆ ಇಂಜಿನ್ ಆರಿದ ಮೇಲೆ ನೀರು ಹಾಕಿ ನೆನೆಸಿ, ಮೆತ್ತನೆಯ ಬ್ರಷ್‌ನಿಂದ ತೆಗೆಯಿರಿ. ಪ್ರೆಷರ್ ಪೈಪ್ ಹಿಡಿದರೆ ಆ ತೆಳು ತಗಡು ಬಾಗುತ್ತದೆ. ಮತ್ತೆ, ಬೇಸಿಗೆಯಲ್ಲಿ ಡಾಂಬರು ಮೆತ್ತಗಾಗಿ ಸೈಡ್ ಸ್ಟ್ಯಾಂಡ್ ಒಳಗೆ ಇಳಿದು ಗಾಡಿ ಮಗುಚುತ್ತದೆ. ಅಂಗೈಯಗಲದ ಫರಸಿ ತುಂಡು ಬ್ಯಾಗಿನಲ್ಲಿರಲಿ, ಸ್ಟ್ಯಾಂಡಿನ ಕೆಳಗೆ ಇಡೋಕೆ.

ತಗ್ಗಿನ ಹ್ಯಾಂಡಲ್ ಬಗ್ಗೆ ನಾನು ಅಷ್ಟು ಬಿಗಿ ಇಲ್ಲ. ಕೆಫೆ ರೇಸರ್ ಹುಟ್ಟಿದ್ದು 1950, 60ರ ದಶಕದ ಇಂಗ್ಲೆಂಡಿನಲ್ಲಿ. ಹುಡುಗರು ಒಂದು ಕೆಫೆಯಿಂದ ಇನ್ನೊಂದಕ್ಕೆ ಜೋರಾಗಿ ಓಡಿಸಲು ಗಾಳಿಗೆ ಬಗ್ಗಿ ಕೂರುತ್ತಿದ್ದರು. ಸ್ವಲ್ಪ ದೂರ, ತಂಪು ಹವೆ. ನಿಮ್ಮದು ದಿನಕ್ಕೆ 100 ಕಿ.ಮೀ. ಮೇಲೆ. ಮಣಿಕಟ್ಟು, ಕುತ್ತಿಗೆ ಎರಡೂ ಒಂದು ವಾರದಲ್ಲಿ ಹೇಳುತ್ತವೆ. ತೀರಾ ಕೆಳಗಿನ ಎರಡು ತುಂಡಿನ ಹ್ಯಾಂಡಲ್ ಬೇಡ. ಈಗಿರುವುದಕ್ಕಿಂತ ಎರಡು ಮೂರು ಬೆರಳು ತಗ್ಗಿದ ಚಪ್ಪಟೆ ಹ್ಯಾಂಡಲ್ ಹಾಕಿಸಿ, ನೋಟ ಬದಲಾಗುತ್ತದೆ, ಕೈಯೂ ಉಳಿಯುತ್ತದೆ. ಹಾಕಿದ ಮೇಲೆ ಎಡಕ್ಕೆ, ಬಲಕ್ಕೆ ಪೂರ್ತಿ ತಿರುಗಿಸಿ ನೋಡಿ. ಟ್ಯಾಂಕಿಗೆ ಬೆರಳು ಸಿಕ್ಕಬಾರದು, ಬ್ರೇಕ್ ಪೈಪ್ ಎಳೆಯಬಾರದು, ಇಂಜಿನ್ ಚಾಲೂ ಇದ್ದಾಗ ತಿರುಗಿಸಿದರೆ ತಾನಾಗಿ ಎಕ್ಸಲೇಟರ್ ಏರಬಾರದು. ಕನ್ನಡಿ ಎರಡೂ ಇರಲೇಬೇಕು.

ರಾತ್ರಿ ಪಾಳಿ ಇದ್ದರೆ ಒಂದು ಜೊತೆ ಹೆಚ್ಚಿನ ಲೈಟ್ ಹಾಕಿಸುವುದು ಒಳ್ಳೆಯದೇ. ಎರಡೂ ಸೇರಿ 40 ವ್ಯಾಟ್ ಅಂದರೆ 12 ವೋಲ್ಟಿಗೆ ಮೂರು ಆಂಪಿಯರಿಗಿಂತ ಸ್ವಲ್ಪ ಜಾಸ್ತಿ. ರಿಲೇ, ಫ್ಯೂಸ್ ಹಾಕಿ ಬ್ಯಾಟರಿಯಿಂದ ಬೇರೆ ವೈರ್ ಎಳೆಸಿ. ಕಂಪನಿ ವೈರ್ ಸುಲಿದು ಟೇಪ್ ಸುತ್ತಲು ಬಂದವನ ಕೈ ಹಿಡಿದು ನಿಲ್ಲಿಸಿ. ಎದುರಿಗೆ ಬರುವವರ ಕಣ್ಣಿಗೆ ಹೊಡೆಯದ ಹಾಗೆ ಲೈಟ್ ಕೆಳಮುಖವಾಗಿರಲಿ.

ಕೊನೆಗೆ ಮಡ್‌ಗಾರ್ಡ್ ಮತ್ತು ಸೀಟು. ಇದರಲ್ಲಿ ನಿಮ್ಮ ಮನೆಯವರ ಮಾತೇ ಸರಿ. ಮಳೆಗಾಲದಲ್ಲಿ ಎರಿ ಮಣ್ಣು ಹೇಗೆ ಅಂತ ಹೊಲ ಕಂಡ ಎಲ್ಲರಿಗೂ ಗೊತ್ತು. ಹೊಲದಲ್ಲಿ ಒಂದು ಸುತ್ತು ಹಾಕಿದರೆ ಚಪ್ಪಲಿ ಕೆಜಿ ತೂಗುತ್ತದೆ. ಮಡ್‌ಗಾರ್ಡ್ ಕತ್ತರಿಸಿದರೆ ಆ ಮಣ್ಣು ನಿಮ್ಮ ಬೆನ್ನಿಗೆ, ಶಾಕ್ ಅಬ್ಸರ್ಬರಿನ ಸೀಲಿಗೆ, ಹಿಂದೆ ಬರುವವನ ಮುಖಕ್ಕೆ. ಆರ್‌ಸಿಯಲ್ಲಿ ಸೀಟು 2 ಅಂತ ಬರೆದಿದೆ, ಒಂದು ಮಾಡಿಸಿದರೆ ವಿವರವೇ ತಪ್ಪಾಯಿತು. ಕತ್ತರಿಸಿದ ಚೌಕಟ್ಟನ್ನು ಮತ್ತೆ ಜೋಡಿಸಿದರೂ ಮೊದಲಿನ ಹಾಗೆ ಆಗುವುದಿಲ್ಲ. ನಟ್ಟು ಬಿಚ್ಚಿ ಹಳೆಯದನ್ನು ಮತ್ತೆ ಹಾಕಬಹುದಾದ ಕೆಲಸ ಮಾತ್ರ ಮಾಡಿಸಿ, ಬಿಚ್ಚಿದ ಒಂದೊಂದು ಭಾಗವನ್ನೂ ಬಟ್ಟೆ ಸುತ್ತಿ ಮನೆಯಲ್ಲಿಡಿ.

ನಿಮ್ಮ ಗಾಡಿಯಲ್ಲಿ ಸೀರೆ ಗಾರ್ಡ್ ಇದೆಯಾ? ಇಂಥ ಗಾಡಿ ತಗೊಂಡವರು ಮೊದಲು ಬಿಚ್ಚಿ ಎಸೆಯುವುದು ಅದನ್ನೇ. ಹಿಂದೆ ಕೂರುವವರಿಗೆ ಹಿಡಿಕೆ, ಕಾಲಿಡುವ ಜಾಗ, ಬಟ್ಟೆ ಗಾಲಿಗೆ ಸಿಗದ ಹಾಗೆ ಅರ್ಧ ಗಾಲಿ ಮುಚ್ಚುವ ಗಾರ್ಡ್ ಇರಬೇಕು ಅಂತ ನಿಯಮವೇ ಇದೆ. ಸ್ಪೋಕ್ ಗಾಲಿಗೆ ಸೆರಗು ಸಿಕ್ಕರೆ ಒಂದೇ ಸುತ್ತು, ಆಳನ್ನೇ ಎಳೆದು ಕೆಡವುತ್ತದೆ. ಹಳೇ ಮಾಲೀಕ ಬಿಚ್ಚಿದ್ದರೆ ಮೊದಲು ಅದನ್ನು ತರಿಸಿ.

ಮೊದಲು ಹೇಳಿದೆನಲ್ಲ, ಆ ಉಳಿದ ಅರ್ಧ ದುಡ್ಡಿನಲ್ಲಿ ಸೀಟು ಮಾಡಿಸಿ. ಸೀಟಿನ ತಳದ ಪಟ್ಟಿ ಹಾಗೇ ಇಟ್ಟುಕೊಂಡು, ಒಳಗಿನ ಸ್ಪಂಜು ಬದಲಿಸಿ, ಮೇಲೆ ಕಂದು ಬಣ್ಣದ ಹೊಲಿಗೆ ಕೆಲಸ ಮಾಡಿಸಿದರೆ ಹಳೇ ಕಾಲದ ಆ ನೋಟ ಅಲ್ಲೇ ಬರುತ್ತದೆ. ಮುಂದೆ ನಿಮ್ಮ ಕಾಲು ನೆಲಕ್ಕೆ ಸರಿಯಾಗಿ ತಾಗುವಷ್ಟು, ಹಿಂದೆ ಸ್ವಲ್ಪ ಅಗಲ, ಸ್ವಲ್ಪ ದಪ್ಪ. ಸೀಟ್ ಕೆಲಸದವರ ಹತ್ತಿರ ಒಬ್ಬರೇ ಹೋಗಬೇಡಿ, ಮನೆಯವರನ್ನೂ ಕರೆದುಕೊಂಡು ಹೋಗಿ. ಸ್ಪಂಜು ಕತ್ತರಿಸಿ ಇಟ್ಟ ಮೇಲೆ, ಹೊಲಿಗೆ ಹಾಕುವ ಮುಂಚೆ, ಅವರು ಹತ್ತು ನಿಮಿಷ ಕೂತು ನೋಡಲಿ.